ಭೂತಕಾಲಕ್ಕೆ ಬದಲಾಯಿಸಿ

ನಮ್ಮ ಹೆಡ್‌ಮಿಸ್‌ಗೆ ರಜೆಯಲ್ಲಿ ಯಾವುದಾದರೊಂದು ತರಬೇತಿಗೆ ಹೋಗಿಬರುವ ಚಟ. ಹೋಗುವವರು ಅವರು, ಅನುಭವಿಸುವವರು ನಾವು. ಹೋದ ವರ್ಷ ‘ನೀರು’ ಎಂಬ ವಿಷಯ ಹಿಡಿದು ಬಂದರು. ಲೆಕ್ಕ, ಹಾಡು, ಚಿತ್ರ ಎಲ್ಲವೂ ನೀರಿನ ಮೇಲೆಯೇ ನಡೆಯಬೇಕಿತ್ತು. ಡ್ರಿಲ್ ಮೇಷ್ಟ್ರು ಮಕ್ಕಳನ್ನು ಮೈದಾನದಲ್ಲಿ ಬೋರಲು ಮಲಗಿಸಿ ಒಣ ನೆಲದ ಮೇಲೆ ಈಜಿಸಿದರು. ಅಂಗಿಗೆ ಮೆತ್ತಿದ ಮಣ್ಣಿಗಾಗಿ ತಾಯಂದಿರ ಹತ್ತಿರ ಬೈಸಿಕೊಂಡವಳು ಮಾತ್ರ ನಾನು.

ಈ ಸಲ ‘ಯುದ್ಧಕಾಲ’. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ನಡೆದ ದೊಡ್ಡ ಯುದ್ಧ. ಶಾಲೆ ತೆರೆದ ದಿನದಿಂದ ಮೊದಲ ಪರೀಕ್ಷೆಯವರೆಗೆ ನಾಲ್ಕನೇ ತರಗತಿಯ ಪಾಠವೆಲ್ಲ ಅದರ ಸುತ್ತ ತಿರುಗಬೇಕು. ಆ ತರಗತಿ ನನ್ನದು. ಅಂದಮೇಲೆ ತಲೆನೋವೂ ನನ್ನದೇ.

“ಮೇಡಂ, ಇಷ್ಟು ಚಿಕ್ಕ ಮಕ್ಕಳಿಗೆ ಯುದ್ಧ ಯಾಕೆ?” ಅಂತ ಕೇಳಿದೆ.

“ನೀವೇ ಹೀಗಂದ್ರೆ ಹೇಗೆ? ನಿಮ್ಮ ಮನೇಲೇ ಒಬ್ಬ ಸೈನಿಕ ಇದ್ದಾನೆ! ನಿಮಗಿಂತ ಚೆನ್ನಾಗಿ ಇದನ್ನ ಯಾರು ಮಾಡ್ತಾರೆ?” ಅಂದರು. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಯಲ್ಲಿ ಇದ್ದಿದ್ದರೆ ಇನ್ನೇನು ಬೇಕಿತ್ತು? ನನ್ನ ಮಗ ಇರುವುದು ಗಡಿಯಲ್ಲಿ. ಭಾನುವಾರ ಬಂತೆಂದರೆ ತಪ್ಪದೆ ಫೋನ್ ಮಾಡುವವನು, ಕಳೆದ ಎರಡು ಭಾನುವಾರ ಮಾಡಲಿಲ್ಲ. ಆ ಕಡೆ ಗುಂಡು ಹಾರುತ್ತಿದೆ ಅಂತ ಟೀವಿಯವರು ಒಂದು ಸಲ ಹೇಳಿದರು, ಆಮೇಲೆ ಆಟದ ಸುದ್ದಿಗೆ ಹೋದರು. “ಸಿಗ್ನಲ್ ಸಿಕ್ಕಿರಲ್ಲ ಕಣೇ, ನೀನು ಸುಮ್ನೆ ಏನೇನೋ ಯೋಚ್ನೆ ಮಾಡ್ಬೇಡ” ಅನ್ನುತ್ತಾರೆ ನಮ್ಮ ಯಜಮಾನರು. ಹಾಗನ್ನುತ್ತಲೇ ತಮ್ಮ ಫೋನ್ ತೆಗೆದು ನೋಡುತ್ತಾರೆ. ಶಾಲೆಯಲ್ಲಿ ನಾನು ಈ ವಿಷಯ ಬಾಯಿ ಬಿಟ್ಟಿಲ್ಲ. ಹೇಳಿದರೆ ಎಲ್ಲರೂ ಮುಖ ಸಣ್ಣಗೆ ಮಾಡಿಕೊಂಡು ನನ್ನ ಭುಜ ಸವರುತ್ತಾರೆ. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಶಾಲೆಯ ಗೇಟಿನ ಎದುರಿಗೇ ನಮ್ಮ ಯಜಮಾನರದು ಪೆನ್ನು ಪುಸ್ತಕದ ಅಂಗಡಿ. ಓದು ಮುಗಿಸಿದ ಮೇಲೆ ಮಗರಾಯ ಒಂದು ವರ್ಷ ಅಲ್ಲೇ ಕೂತಿದ್ದ. ಮಕ್ಕಳು ರಬ್ಬರ್ ಕೇಳಿದರೆ ಜೊತೆಗೊಂದು ಪೆನ್ಸಿಲ್ ಪುಕ್ಕಟೆ ಕೊಟ್ಟು ಅಪ್ಪನ ಹತ್ತಿರ ಉಗಿಸಿಕೊಳ್ಳುತ್ತಿದ್ದ. ಆಮೇಲೆ ಒಂದು ದಿನ ಸೈನ್ಯಕ್ಕೆ ಸೇರುತ್ತೇನೆ ಅಂದ, ಸೇರಿಯೂಬಿಟ್ಟ. ಬಂದ ಗಿರಾಕಿಗಳಿಗೆಲ್ಲ ಇವರದು ಒಂದೇ ತಮಾಷೆ: “ಅಂಗಡೀಲಿ ಕೂತ್ಕೊಳೋ ಅಂದ್ರೆ, ‘ಅಂ’ ನನಗೆ ಬಿಟ್ಟು ಗಡೀಲಿ ಹೋಗಿ ಕೂತ!” ಮಾತು ಮುಗಿಸಿ ತಾವೇ ಮೊದಲು ನಗುತ್ತಿದ್ದರು. ಈ ಎರಡು ವಾರದಿಂದ ಆ ತಮಾಷೆ ಕೇಳಿಸಿಲ್ಲ.

ಸರಿ, ಯೋಜನೆಗೆ ಕೂತೆವು. ಕೂತೆವು ಅಂದರೆ ನಾನು, ಡ್ರಿಲ್ ಮೇಷ್ಟ್ರು, ಮತ್ತೆ ಈ ವರ್ಷವೇ ಸೇರಿದ ಹೊಸ ಟೀಚರ್. ಮೇಷ್ಟ್ರಿಗೆ ಉತ್ಸಾಹ ಉಕ್ಕಿ ಹರಿಯುತ್ತಿತ್ತು. “ಮೈದಾನದಲ್ಲಿ ಕಂದಕ ತೋಡಿಸ್ಲಾ ಮೇಡಂ?” ಅಂದರು. ಮಕ್ಕಳನ್ನು ಈಜಿಸಿದ್ದು ಸಾಲದು, ಈಗ ಹೂಳುವುದೊಂದು ಬಾಕಿ ಇತ್ತು. ಹೊಸ ಟೀಚರ್ ಪಾಪ, ರಟ್ಟಿನ ಮೇಲೆ ಬಣ್ಣಬಣ್ಣದಲ್ಲಿ ಚಾರ್ಟ್ ಬರೆದು ತಂದಿದ್ದಳು. ಬೇಸಿಗೆಕಾಲ, ಮಳೆಗಾಲ, ಚಳಿಗಾಲ, ಅದರ ಪಕ್ಕಕ್ಕೆ ಯುದ್ಧಕಾಲ. ಮಳೆಗಾಲಕ್ಕೆ ಕೊಡೆಯ ಚಿತ್ರ ಇರುವ ಹಾಗೆ ಅಲ್ಲೊಂದು ಬಂದೂಕಿನ ಚಿತ್ರ.

“ಅದೇನಮ್ಮಾ, ವರ್ಷಾ ವರ್ಷಾ ಬರುತ್ತಾ ಅದು?” ಅಂತ ರೇಗಿದೆ.

“ಎಲ್ಲದಕ್ಕೂ ಕಾಲ ಅಂತ ಇತ್ತಲ್ಲ ಅಕ್ಕಾ...” ಅಂದಳು. ಅವಳ ಕಣ್ಣು ತುಂಬಿಬಂತು. ಇವಳ ಮೇಲೆ ಕೂಗಾಡಿ ಏನು ಬಂತು ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು. ಚಾರ್ಟ್ ಇಸಿದುಕೊಂಡು ಬೀರುವಿನ ಹಿಂದೆ ಸಿಕ್ಕಿಸಿದೆ.

ಹೊಸದಾಗಿ ಎಲ್ಲ ಬರೆಯಲು ಸಮಯವೆಲ್ಲಿದೆ? ನಮ್ಮ ಕಸುಬಿನಲ್ಲಿ ಇದಕ್ಕೊಂದು ದಾರಿ ಇದೆ. ಹಳೆಯ ಅಭ್ಯಾಸದ ಹಾಳೆಗಳನ್ನು ತೆಗೆದು ಅಲ್ಲಲ್ಲಿ ಪದ ಬದಲಿಸುವುದು. ‘ನೀರು’ ಬಂದಾಗಲೂ ಅದನ್ನೇ ಮಾಡಿದ್ದೆವು. ಬುಟ್ಟಿಯಲ್ಲಿದ್ದ ಬಾಳೆಹಣ್ಣು ಪೆಟ್ಟಿಗೆಯಲ್ಲಿನ ಗುಂಡುಗಳಾದವು. ‘ಐದು ಮಕ್ಕಳಿಗೆ ಸಮನಾಗಿ ಹಂಚಿರಿ’ ಎಂಬುದು ಹಾಗೇ ಉಳಿದುಕೊಂಡಿತ್ತು. ಹೊಸ ಟೀಚರ್ ಅದನ್ನು ಜೋರಾಗಿ ಓದಿದಾಗ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ ನನಗೆ ಯಾಕೋ ಬಾಯಿ ಕಹಿಯಾಯಿತು.

ವ್ಯಾಕರಣದ ಹಾಳೆ ನಾನೇ ಮಾಡಿದೆ. ‘ಕೆಳಗಿನ ವಾಕ್ಯಗಳನ್ನು ಭೂತಕಾಲಕ್ಕೆ ಬದಲಾಯಿಸಿ.’ ಹುಡುಗರು ಆಟ ಆಡುತ್ತಾರೆ ಎಂದಿದ್ದುದನ್ನು ಸೈನಿಕರು ಕವಾಯತು ಮಾಡುತ್ತಾರೆ ಎಂದು ತಿದ್ದಿದೆ. ಅಜ್ಜಿ ದೀಪ ಹಚ್ಚುತ್ತಾಳೆ ಎಂದಿತ್ತು. ಆಗೆಲ್ಲ ವಿಮಾನಕ್ಕೆ ಹೆದರಿ ಊರೆಲ್ಲ ಕತ್ತಲು ಮಾಡುತ್ತಿದ್ದರಲ್ಲ, ದೀಪ ಆರಿಸುತ್ತಾಳೆ ಎಂದು ಮಾಡಿದೆ. ಮುಂದಿನದು, ‘ನನ್ನ ಮಗ ಅಂಗಡಿಯಲ್ಲಿ ಇದ್ದಾನೆ.’ ‘ಅಂ’ ಹೊಡೆದೆ. ಒಂದು ಅಕ್ಷರ ಹೋದರೆ ಸಾಕು, ವಾಕ್ಯ ಯುದ್ಧಕ್ಕೆ ತಯಾರು. ಎಷ್ಟು ಸಲೀಸಾಯಿತು ಅಂತ ಖುಷಿಯಲ್ಲಿ ಪುಟ ಮಗುಚಿದೆ. ಏನು ಬರೆದೆ ಅನ್ನುವುದು ತಲೆಗೇ ಹೋಗಿರಲಿಲ್ಲ, ಅಷ್ಟು ಅವಸರ.

ತಲೆಗೆ ಹೋಗಿದ್ದು ಉತ್ತರದ ಹಾಳೆ ಬರೆಯುವಾಗ. ಸೈನಿಕರು ಕವಾಯತು ಮಾಡಿದರು. ಅಜ್ಜಿ ದೀಪ ಆರಿಸಿದಳು. ನನ್ನ ಮಗ ಗಡಿಯಲ್ಲಿ—

ಪೆನ್ನು ನಿಂತಿತು. ಇಷ್ಟು ವರ್ಷ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸಿದವಳು ನಾನು. ಇದ್ದಾನೆ, ಇದ್ದನು. ಪುಸ್ತಕದಲ್ಲಿ ಅದು ಬರೀ ಕಾಲದ ವ್ಯತ್ಯಾಸ. ಮನುಷ್ಯರ ಬಾಯಲ್ಲಿ ಹಾಗಲ್ಲ. ಯಾರಾದರೂ “ಅವರಿಗೊಬ್ಬ ಮಗ ಇದ್ದ” ಅಂದರೆ ಮುಂದಿನ ಮಾತು ಕೇಳಬೇಕಾಗಿಲ್ಲ. ಅಷ್ಟು ಜಾಗ ಖಾಲಿ ಬಿಟ್ಟು ಉಳಿದದ್ದನ್ನು ಬರೆದು ಮುಗಿಸಿದೆ.

ಮಾರನೆಯ ದಿನ ಕಟ್ಟನ್ನು ಹೆಡ್‌ಮಿಸ್ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ಒಂದೊಂದೇ ಹಾಳೆ ನೋಡಿದರು. ಗುಂಡು ಹಂಚುವ ಲೆಕ್ಕ ಅವರಿಗೆ ಬಹಳ ಹಿಡಿಸಿತು. ಬೇರೆ ಯಾವ ಹಾಳೆಯಲ್ಲೂ ತಪ್ಪು ಸಿಗದೆ ಬೇಜಾರಾಗಿದ್ದವರಿಗೆ ಉತ್ತರದ ಹಾಳೆಯಲ್ಲಿ ಖಾಲಿ ಜಾಗ ಸಿಕ್ಕಿತು.

“ಇಲ್ಲೊಂದು ಬಿಟ್ಟಿದ್ದೀರಲ್ಲ” ಅಂದವರೇ ಕೆಂಪು ಪೆನ್ನು ತೆಗೆದು ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆದರು. “ನನ್ನ ಮಗ ಗಡಿಯಲ್ಲಿ ಇದ್ದ...”

“ಬರೀಬೇಡಿ!”

ಕೂಗಿಬಿಟ್ಟಿದ್ದೆ. ಅವರ ಕೈಯಿಂದ ಪೆನ್ನು ಕಿತ್ತುಕೊಂಡಿದ್ದೆ ಕೂಡ. ಬಾಗಿಲಾಚೆ ಬೆಂಚು ಒರೆಸುತ್ತಿದ್ದ ಜವಾನ ಒಳಗೆ ಇಣುಕಿ, ನನ್ನ ಮುಖ ನೋಡಿ ಹಾಗೇ ಹಿಂದಕ್ಕೆ ಹೋದ.

“ಏನ್ ಮೇಡಂ ಇದು? ಉತ್ತರ ಸರಿಯಾಗೇ ಇದೆಯಲ್ಲ?”

“ಸರಿ ಇದೆ. ಆದ್ರೂ ಬರೀಬೇಡಿ.”

“ಇಷ್ಟು ಕಷ್ಟ ಆಗೋದಾದ್ರೆ ಒಂದ್ ಕೆಲಸ ಮಾಡಿ. ಆ ಸಾಲನ್ನೇ ಹೊಡೆದುಹಾಕಿಬಿಡಿ.”

ಹೊಡೆದುಹಾಕಿಬಿಡಿ. ದಿನಕ್ಕೆ ಹತ್ತು ಸಲ ಮಕ್ಕಳಿಗೆ ನಾನೇ ಹೇಳುವ ಮಾತು. ತಪ್ಪು ಬರೆದರೆ ಹೊಡೆದುಹಾಕು, ಹೊಸದಾಗಿ ಬರಿ. ಪೆನ್ನನ್ನು ಆ ಸಾಲಿನವರೆಗೆ ಒಯ್ದೆ. ಕೈ ಬರಲಿಲ್ಲ. ಅದರ ಮೇಲೆ ಗೀಟು ಎಳೆಯಲು ನನ್ನಿಂದ ಆಗಲೇ ಇಲ್ಲ.

“ಎರಡು ವಾರದಿಂದ ಅವನ ಫೋನ್ ಬಂದಿಲ್ಲ ಮೇಡಂ” ಅಂದೆ. ಹೇಳಬಾರದು ಅಂದುಕೊಂಡಿದ್ದೆ, ಬಾಯಿ ಜಾರಿ ಹೋಯಿತು.

ಹೆಡ್‌ಮಿಸ್ ಕನ್ನಡಕ ತೆಗೆದರು. ನಾನು ಹೆದರಿದ್ದ ಮುಖವನ್ನೇ ಮಾಡಿದರು. ಕೈ ನನ್ನ ಭುಜದ ಕಡೆ ಬರುತ್ತಿತ್ತು. ಅದು ಬರುವಷ್ಟರಲ್ಲಿ ನಾನು ಹಾಳೆಯ ಮೇಲೆ ಬಗ್ಗಿದೆ. ಪ್ರಶ್ನೆಯಲ್ಲಿದ್ದ ‘ಗಡಿಯಲ್ಲಿ’ ಎಂಬುದರ ಹಿಂದೆ, ನಾನೇ ಹೊಡೆದಿದ್ದ ‘ಅಂ’ ಮತ್ತೆ ಸೇರಿಸಿದೆ. ಅದರ ಕೆಳಗೆ ಉತ್ತರವನ್ನೂ ನಾನೇ ಪೂರ್ತಿ ಬರೆದೆ. ನನ್ನ ಮಗ ಅಂಗಡಿಯಲ್ಲಿ ಇದ್ದನು. ಅದು ನಿಜ, ಇದ್ದ. ಗಲ್ಲಾಪೆಟ್ಟಿಗೆಯ ಮುಂದೆ ಕಾಲು ಚಾಚಿಕೊಂಡು, ಬಂದ ಮಕ್ಕಳಿಗೆಲ್ಲ ಪೆನ್ಸಿಲ್ ಹಂಚಿಕೊಂಡು ಇದ್ದ.

ಅವರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಎರಡು ಸಲ ಓದಿದರು. ಏನು ಮಾಡಿದರೂ ಹೆಡ್‌ಮಿಸ್ ಹೆಡ್‌ಮಿಸ್ಸೇ.

“ಅದೆಲ್ಲ ಸರಿ ಮೇಡಂ...” ಅಂತ ಮೆಲ್ಲಗೆ ರಾಗ ಎಳೆದರು. “ಆದ್ರೆ ಇದ್ರಲ್ಲಿ ಯುದ್ಧ ಎಲ್ಲಿ ಬಂತು?”

‘ಇದ್ದನು’ ಎಂಬ ಕೊನೆಯ ಪದದ ಮೇಲೆ ಬೆರಳಿಟ್ಟು ತೋರಿಸಿದೆ.