ಬೂತಾಯಿ ಎಣ್ಣೆ

"ಒಳಗಿನಿಂದಲೂ ಹಚ್ಚಬೇಕಾ?" ಸುಂದರಿ ಕೆಳಗೆ ನಿಂತು ಕೇಳಿದಳು.

"ದೋಣಿಗೆ ಎರಡೂ ಕಡೆ ಹಚ್ಚುದಿಲ್ವಾ? ಹಾಗೆಯೇ," ಎಂದ ಅವಳ ಗಂಡ ಚೆನ್ನಪ್ಪ. ಬರಿದು ಮಾಡಿದ ನೀರಿನ ತೊಟ್ಟಿಯೊಳಗೆ ಸೊಂಟದವರೆಗೆ ಬಾಗಿ, ಪೈಪು ಹೊರಡುವ ಸಂದಿಗೆ ಅವನು ಹತ್ತಿಯ ಎಳೆ ತುರುಕುತ್ತಿದ್ದ.

"ಮಂಗಳವಾರ ಬರ್ತೇನೆ, ಅಲ್ಲಿವರೆಗೆ ಮುಟ್ಬೇಡಿ ಅಂತ ಪೈಪಿನ ಕೆಲಸದ ರುಡೊಲ್ಫ್ ಪೊರ್ಬುಗಳು ಹೇಳಿ ಹೋಗಿದ್ದಾರೆ."

"ಅಲ್ಲಿವರೆಗೆ ಟೀಚರಮ್ಮ ಬಾವಿಯಿಂದ ಸೇದುದಾ? ನಮ್ಮಪ್ಪ ಕಟ್ಟಿದ ದೋಣಿ ಸಮುದ್ರದಲ್ಲೇ ಸೋರ್ಲಿಲ್ಲ. ಈ ಪೈಪು ಎಂತ?"

"ದೋಣಿಯೊಳಗೆ ನೀರು ಬಾರದ ಹಾಗೆ ಮಾಡುದು ನಿಮ್ಮಪ್ಪನ ಕೆಲಸ. ಇಲ್ಲಿ ಹೊರಗೆ ಹೋಗದ ಹಾಗೆ ಮಾಡ್ಬೇಕು."

ಚೆನ್ನಪ್ಪ ನಕ್ಕ. ಅತ್ತಾವರದ ಆ ಜೋಡಿ ಬಿಡಾರಕ್ಕೆ ಇದ್ದದ್ದು ಒಂದೇ ತೊಟ್ಟಿ. ಬೆಳಿಗ್ಗೆ ಕೈಪಂಪು ಒತ್ತಿ ತುಂಬಿಸಿದ ನೀರು ಹತ್ತು ಗಂಟೆಗೆಲ್ಲ ಸೋರಿ ಹೋಗುತ್ತಿತ್ತು. ಯುದ್ಧ ಶುರುವಾದ ಮೇಲೆ ಪೈಪಿನ ಸಾಮಾನಿಗೆ ಕಾಯಬೇಕಾಗಿತ್ತು. ಪಕ್ಕದ ಬಿಡಾರದ ಟೀಚರಮ್ಮ, ಗುಣವತಿ ಅಮ್ಮನಿಗೆ ಅರವತ್ತಮೂರು. ಅವರು ಹಗ್ಗ ಹಿಡಿದು ಬಗ್ಗುವುದನ್ನು ನೋಡಲಾಗದೆ ಚೆನ್ನಪ್ಪ ಮೀನುಗಾರರ ಊರಾದ ಬೆಂಗ್ರೆಗೆ ಹೋಗಿ, ದೋಣಿಯ ಸಂದುಗಳಿಗೆ ತುಂಬುವ ಹತ್ತಿ, ರಾಳ, ಬೂತಾಯಿ ಮೀನಿನ ಎಣ್ಣೆ ತಂದಿದ್ದ. ಕಾರ್ಖಾನೆಯಲ್ಲಿ ಗುಮಾಸ್ತನಾಗಿ ಹತ್ತು ವರ್ಷವಾದರೂ ಅಪ್ಪನ ಕಸುಬು ಕೈ ಬಿಟ್ಟಿರಲಿಲ್ಲ.

ಸೋರುವುದು ನಿಂತಿತು. ಸಂಜೆ ಗುಣವತಿ ಅಮ್ಮ ಬೆಲ್ಲದ ಅವಲಕ್ಕಿ ತಂದುಕೊಟ್ಟರು. "ನನ್ನ ಬೆನ್ನು ಉಳಿಸಿದೆ, ಚೆನ್ನಪ್ಪ."

ಗುಣವತಿ ಅಮ್ಮ ಜೈನರು. ಹುಡುಗಿಯರ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಸೋಸದ ನೀರು ಮುಟ್ಟುವವರಲ್ಲ. ಸೋಮವಾರ ಅವರು ಸೋಸುವ ಬಟ್ಟೆಯನ್ನು ಎರಡು ಮಡಿಕೆ ಮಾಡಿದರು, ಆಮೇಲೆ ನಾಲ್ಕು. ಕೊನೆಗೆ ಗೋಡೆಯಾಚೆಯಿಂದ ಕೇಳಿದರು: "ನಿಮ್ಮ ನೀರಿಗೂ ವಾಸನೆ ಉಂಟಾ, ಸುಂದರಿ?"

ಸುಂದರಿ ಚೊಂಬು ಎತ್ತಿ ಮೂಸಿದಳು. "ಇಲ್ಲಮ್ಮ, ಎಂತದೂ ಇಲ್ಲ."

ಅವಳು ಸುಳ್ಳು ಹೇಳಿರಲಿಲ್ಲ. ಬೆಂಗ್ರೆಯಲ್ಲಿ ಹುಟ್ಟಿದ ಮೂಗಿಗೆ ಅದು ವಾಸನೆಯೇ ಅಲ್ಲ. ರಾತ್ರಿಯೂಟಕ್ಕೆ ಕುಳಿತಾಗ ಅವಳು ಈ ಮಾತು ಹೇಳಿದಳು. ಚೆನ್ನಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಯಾರು ಕುಡಿಯುವ ನೀರಿಗೆ ತಾನು ಏನು ಬೆರೆಸಿದೆ ಎಂಬುದು ಅವನಿಗೆ ಹೊಳೆದದ್ದು ಆಗಲೇ.

ಮಂಗಳವಾರ ನಸುಕಿಗೇ ರುಡೊಲ್ಫ್ ಬಂದ. ಸಂದಿಗೆ ಬೆರಳು ಒತ್ತಿ ಮೂಸಿದ. ಒಮ್ಮೆ ಚೆನ್ನಪ್ಪನ ಮುಖ ನೋಡಿದ.

"ಎರಡು ದಿನದಿಂದ ನೀರು ನಾರ್ತಾ ಉಂಟು. ಎಂತ ಅದು, ಪೊರ್ಬು?" ಗುಣವತಿ ಅಮ್ಮ ಅಂಗಳದಿಂದ ಕೇಳಿದರು.

"ಗ್ರೀಸು, ಅಮ್ಮ. ಹೋದ ವರ್ಷ ಪೈಪು ಕೂರಿಸುವಾಗ ನಾನೇ ಹಚ್ಚಿದ್ದು. ಈಗ ಬಿಟ್ಟುಕೊಂಡಿದೆ. ನನ್ನದೇ ತಪ್ಪು."

ಚೆನ್ನಪ್ಪ ಬಾಯಿ ತೆರೆಯುವ ಮೊದಲೇ ರುಡೊಲ್ಫ್ ದನಿ ತಗ್ಗಿಸಿದ. "ಸುಮ್ಮನಿರು ಮಾರಾಯ. ಪ್ರಾಯ ಆದವರು. ಗೊತ್ತಾದ್ರೆ ಊಟ ಬಿಟ್ಟಾರು."

ಚೆನ್ನಪ್ಪ ನೀರು ಕಾಯಿಸಲು ಒಳಗೆ ಹೋದ. ರುಡೊಲ್ಫ್ ಹತ್ತಿಯನ್ನೆಲ್ಲ ಕೆರೆದು ತೆಗೆದು, ಬಿಸಿನೀರು ಸಾಬೂನು ಹಾಕಿ ನಾಲ್ಕು ಸಲ ತೊಟ್ಟಿ ತಿಕ್ಕಿ, ಹೊಸದಾಗಿ ಸೆಣಬಿನ ನಾರು ಸುತ್ತಿ ಪೈಪು ಕೂರಿಸಿ ಹೋದ.

ಸಂಜೆ ಗುಣವತಿ ಅಮ್ಮ ಕರೆದರು. ಜಗಲಿಯಲ್ಲಿ ತಟ್ಟೆ ಇಟ್ಟುಕೊಂಡು ಊಟಕ್ಕೆ ಕುಳಿತಿದ್ದರು. ಬಿಸಿಲು ಇನ್ನೂ ಕಾಂಪೌಂಡಿನ ಮೇಲಿತ್ತು.

"ಶಾಲೆಯ ಹಾಸ್ಟೆಲಿಗೆ ಪೈಪು ಹಾಕಿಸ್ಲಿಕ್ಕೆ ಉಂಟು, ಚೆನ್ನಪ್ಪ. ರುಡೊಲ್ಫನ ಹೆಸರು ಹೇಳ್ಬೇಕು ಅಂತಿದ್ದೆ. ಇನ್ನು ಬೇಡ. ಕುಡಿಯುವ ನೀರಿನಲ್ಲಿ ಅಜಾಗ್ರತೆ ಮಾಡುವವನು ಆಗ್ಲಿಕ್ಕಿಲ್ಲ. ಅಲ್ವಾ?"

ತಲೆ ಆಡಿಸಿದರೆ ಮುಗಿಯುತ್ತಿತ್ತು. ಚೆನ್ನಪ್ಪ ಜಗಲಿಯ ಕಂಬ ಹಿಡಿದುಕೊಂಡ.

"ಅದು ಗ್ರೀಸು ಅಲ್ಲಮ್ಮ. ಬೂತಾಯಿ ಎಣ್ಣೆ. ಹಚ್ಚಿದ್ದು ನಾನು."

ಅವರು ಕೈಯನ್ನು ತಟ್ಟೆಯಿಂದ ಹಿಂದಕ್ಕೆ ತೆಗೆದರು. "ಗೊತ್ತಿದ್ದೇ ಹಚ್ಚಿದ್ದಾ?"

"ಹಚ್ಚುವಾಗ ಯೋಚನೆಯೇ ಬರ್ಲಿಲ್ಲ. ನಿನ್ನೆ ರಾತ್ರಿ ಗೊತ್ತಾಯ್ತು. ಬೆಳಿಗ್ಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ."

ಗುಣವತಿ ಅಮ್ಮ ಕಣ್ಣು ಮುಚ್ಚಿ ಕುಳಿತರು. ತುಟಿ ಮಾತ್ರ ಅಲುಗುತ್ತಿತ್ತು. ಆಮೇಲೆ ತಟ್ಟೆ ಎತ್ತಿಕೊಂಡು ಎದ್ದರು.

"ಹಾಸ್ಟೆಲಿಗೆ ರುಡೊಲ್ಫನೇ ಆಗ್ಲಿ. ನನಗೆ ಗೊತ್ತಾಯ್ತು ಅಂತ ಅವನಿಗೆ ಹೇಳ್ಬೇಡ, ಪಾಪ." ಬಾಗಿಲ ಬಳಿ ನಿಂತು, ತಿರುಗದೆಯೇ ಅಂದರು: "ಎರಡು ದಿನ ನನ್ನ ಒಲೆ ಉರಿಯುದಿಲ್ಲ. ಸುಂದರಿಗೆ ಹೇಳು, ಗಾಬರಿ ಬೀಳುದು ಬೇಡ."

ಬುಧವಾರ ಬುಟ್ಟಿ ಹೊತ್ತು ಬಂದ ಮೀನಿನ ಅಪ್ಪಿಯನ್ನು ಸುಂದರಿ ಗೇಟಿನಿಂದಲೇ ಕಳಿಸಿದಳು. ಚೆನ್ನಪ್ಪ ಬರೀ ಗಂಜಿತಿಳಿ ಕುಡಿದು ಕೆಲಸಕ್ಕೆ ಹೋಗಿ ಬಂದ. ಗುರುವಾರವೂ ಹಾಗೆಯೇ. ಪಕ್ಕದ ಮನೆಯಿಂದ ಪಾತ್ರೆಯ ಸದ್ದಿರಲಿಲ್ಲ.

ಶುಕ್ರವಾರ ಬೆಳಕು ಹರಿಯುವ ಮೊದಲೇ ಅವನು ಹಲ್ಲುಜ್ಜುವ ನೆಪದಲ್ಲಿ ಹಿತ್ತಲಿಗೆ ಬಂದು ನಿಂತ. ಗುಣವತಿ ಅಮ್ಮನ ಅಡುಗೆಮನೆಯ ಮಾಡು ಇನ್ನೂ ಕಪ್ಪಗಿತ್ತು. ಇದ್ದಿಲಪುಡಿ ಬಾಯಲ್ಲೇ ಒಣಗುತ್ತಾ ಬಂತು. ಬಹಳ ಹೊತ್ತಿನ ಮೇಲೆ, ಹಂಚುಗಳ ಸಂದಿನಿಂದ ತೆಳ್ಳಗೆ ಹೊಗೆ ಎದ್ದು, ಗಾಳಿಯಿಲ್ಲದ್ದರಿಂದ ಮಾಡಿನ ಮೇಲೆಯೇ ತುಸು ತಂಗಿ ನಿಂತಿತು.