ಹಿಂಬದಿಯ ಏಳು ಚೀಲ

"ಚೀಲ, ಚೀಲ! ತಲೆ ಬಗ್ಗಿಸಪ್ಪಾ!"

ಹಿತ್ತಲಿಗೆ ಕುರ್ಚಿ ಹೊತ್ತು ತರುತ್ತಿದ್ದ ಬೇಕರಿಯವನಿಗೆ ಮೂರು ಜನ ಒಟ್ಟಿಗೇ ಕೂಗಿದರು. ಕೂಗಿದ ಮೇಲೆ ಮೂವರೂ ಮುಖ ಮುಖ ನೋಡಿಕೊಂಡರು. ದಾಳಿಂಬೆ ಗಿಡದ ಚೀಲಕ್ಕೆ ಯಾರ ತಲೆ ತಾಗಿದರೂ ಒಳಗಿಂದ ಬೈಗುಳ ಬರುತ್ತಿದ್ದ ಕಾಲ ನಿನ್ನೆಗೆ ಮುಗಿದಿತ್ತು. ಬೈಯಬೇಕಾದ ಟೈಲರಜ್ಜ, ತಾನೇ ಹೊಲಿದಿಟ್ಟುಕೊಂಡಿದ್ದ ಬಿಳಿ ಷರ್ಟು ತೊಟ್ಟು ನಡುಮನೆಯಲ್ಲಿ ಮಲಗಿದ್ದ. ನಿನ್ನೆ ಮಧ್ಯಾಹ್ನ ಉಂಡು ಅಡ್ಡಾದವನು ಏಳಲಿಲ್ಲ. ಯಾರಿಂದಲೂ ಒಂದು ಲೋಟ ನೀರು ಕೂಡ ತರಿಸಿಕೊಳ್ಳದೆ ಹೋದನಲ್ಲ ಎಂದು ಬಂದವರೆಲ್ಲ ಅದನ್ನೇ ಹೇಳಿ ಸಮಾಧಾನಪಟ್ಟುಕೊಳ್ಳುತ್ತಿದ್ದರು.

ಅಜ್ಜನನ್ನು ಒಯ್ಯುವ ಗಾಡಿ ಹನ್ನೊಂದಕ್ಕೆ ಬರುವುದಿತ್ತು. ಒಳಗೆ ಜಾಗ ಸಾಲದೆ ಜನ ಹಿತ್ತಲಲ್ಲಿ ಕೂತಿದ್ದರು. ಹಿತ್ತಲೆಂದರೆ ಎಷ್ಟು, ಒಂದು ದಾಳಿಂಬೆ, ಒಂದು ಅಂಜೂರ, ಮೂಲೆಯಲ್ಲಿ ಒಂದು ಬಾದಾಮಿ. ಬಾದಾಮಿಗೆ ಬಲೆ, ಅಂಜೂರಕ್ಕೆ ಹಳೆಯ ಸೊಳ್ಳೆಪರದೆ. ದಾಳಿಂಬೆಗೆ ಮಾತ್ರ ರಾಜೋಪಚಾರ: ಒಂದೊಂದು ಕಾಯಿಗೂ ಒಂದೊಂದು ಬಟ್ಟೆಯ ಚೀಲ, ಹೆಚ್ಚಿನವುಗಳ ಬಾಯಿಗೆ ಬಿಗಿಯಾಗಿ ದಾರದ ಗಂಟು. ಎಲ್ಲವೂ ಗಿರಾಕಿಗಳ ಬಟ್ಟೆಯಲ್ಲಿ ಮಿಕ್ಕ ಚೂರುಗಳಿಂದ ಹೊಲಿದವು.

ಬೇಕರಿಯವನು ಕುರ್ಚಿ ಇಳಿಸಿ, ಮೂಗಿನೆದುರು ತೂಗುತ್ತಿದ್ದ ನೀಲಿ ಗೆರೆಯ ಚೀಲವನ್ನು ಹಿಡಿದು ನೋಡಿದ.

"ಇದು ನನ್ನ ಮದುವೆ ಷರ್ಟಿನ ಬಟ್ಟೆ! ಸಾಕಾಗ್ಲಿಲ್ಲ ಅಂತ ಅರ್ಧ ತೋಳು ಹೊಲಿದು ಕೊಟ್ಟಿದ್ದ, ಪುಣ್ಯಾತ್ಮ!"

"ಮಿಕ್ಕರ್ಧ ದಾಳಿಂಬೆ ಹಾಕ್ಕೊಂಡಿದೆ, ಬಿಡಣ್ಣ," ಎಂದಳು ಅಜ್ಜನ ಮಗಳು. ಬೆಳಗಿನಿಂದ ಅತ್ತು ಕೆಂಪಾದ ಮೂಗಿನಲ್ಲೇ ಅವಳಿಗೆ ನಗು ಬಂತು. ಆಮೇಲೆ ಒಬ್ಬೊಬ್ಬರೇ ಎದ್ದು ಗಿಡದಲ್ಲಿ ತಮ್ಮ ತಮ್ಮ ಬಟ್ಟೆ ಹುಡುಕತೊಡಗಿದರು.

ಅಜ್ಜಿ ನಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕೂತು ಗೋಡೆಯಾಚೆಯ ಮನೆಯನ್ನೇ ನೋಡುತ್ತಿದ್ದಳು. ಆ ಮನೆಯ ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಬರುತ್ತಾರೋ ಇಲ್ಲವೋ. ಅವರಿಗೂ ಅಜ್ಜನಿಗೂ ಒಂಬತ್ತು ವರ್ಷದಿಂದ ಮಾತಿರಲಿಲ್ಲ. ಆ ಮಾತು ನಿಂತದ್ದು ತನ್ನಿಂದ ಎಂಬುದು ಅಜ್ಜಿಗೊಬ್ಬಳಿಗೇ ಗೊತ್ತಿತ್ತು. ಗಂಡನಿಗಂತೂ ಹೇಳಲಾಗಲಿಲ್ಲ. ಅವನನ್ನು ಒಯ್ಯುವುದರೊಳಗೆ ಮೇಷ್ಟ್ರಿಗಾದರೂ ಹೇಳಿಬಿಡಬೇಕು.

*

ಮನೆಗೇ ಸೇರಿದ ಹೊಲಿಗೆ ಅಂಗಡಿಯಲ್ಲಿ ಕತ್ತರಿ ಅಜ್ಜನದು, ಕಾಜಾ ಅಜ್ಜಿಯದು. ಗುಂಡಿ ತೂರಿಸುವ ತೂತಿನ ಸುತ್ತ ಸೂಜಿಯಲ್ಲಿ ದಾರ ಕಟ್ಟುವ ಆ ಕೆಲಸವನ್ನು ಅಜ್ಜ ಮುಟ್ಟಿದವನೇ ಅಲ್ಲ. "ಅದು ತಾಳ್ಮೆ ಇರೋರ ಕೆಲಸ, ನನ್ನ ಕೈಲಾಗಲ್ಲ" ಎಂದು ಷರ್ಟಿನ ರಾಶಿಯನ್ನು ಅವಳ ಮಡಿಲಿಗೆ ಹಾಕುವನು. ನಲವತ್ತು ವರ್ಷ ಅವಳು ಹಿತ್ತಲ ಕಿಟಕಿಯ ಪಕ್ಕ ಕೂತು ಕಾಜಾ ಹಾಕಿದಳು. ಅಲ್ಲಿ ಅವಳಿಗೆ ಜೊತೆಯೆಂದರೆ ದಾಳಿಂಬೆಗೆ ಬರುವ ಗಿಣಿಗಳು. ತಲೆಕೆಳಗಾಗಿ ಜೋತು, ಹಣ್ಣಿನ ಹೊಟ್ಟೆ ಬಗೆದು, ತಿಂದದ್ದಕ್ಕಿಂತ ಹೆಚ್ಚು ಚೆಲ್ಲಿ, ಜಗಳವಾಡಿಕೊಂಡು ಹೋಗುವುವು.

ಅಜ್ಜನಿಗೆ ಅದೇ ಹೊಟ್ಟೆಯುರಿ. ಡಬ್ಬ ಕಟ್ಟಿ ಬಡಿದ. ಮಿನುಗುವ ಕಾಗದ ತೂಗುಹಾಕಿದ. ತನ್ನ ಹಳೆಯ ಕೋಟನ್ನು ಗಳಕ್ಕೆ ತೊಡಿಸಿ ನಿಲ್ಲಿಸಿದ. ಗಿಣಿಗಳು ಕೋಟಿನ ಹೆಗಲ ಮೇಲೆ ಕೂತು ಹಣ್ಣು ತಿಂದವು. ಕೊನೆಗೆ ಒಂದು ವರ್ಷ, ನನ್ನ ವಿದ್ಯೆ ಇದಕ್ಕೂ ಆಗದಿದ್ದರೆ ಇನ್ನೇತಕ್ಕೆ ಎಂದು, ಹದಿನೈದು ದಿನ ಕೂತು ಚೀಲ ಹೊಲಿದ.

ಗಿಣಿಗಳು ಬಂದವು, ಎರಡು ಸುತ್ತು ಹಾಕಿ ಹೋದವು. ಹಿತ್ತಲು ಗಪ್‌ಚಿಪ್. ನಾಲ್ಕು ದಿನ ಅಜ್ಜಿ ಒಳಗೂ ಬಟ್ಟೆ, ಹೊರಗೂ ಬಟ್ಟೆ ನೋಡುತ್ತ ಕಾಜಾ ಹಾಕಿದಳು. ಐದನೆಯ ದಿನ, ಇನ್ನೂ ಬೆಳಕು ಹರಿಯುವ ಮುಂಚೆ, ಗಂಡ ಗೊರಕೆ ಹೊಡೆಯುತ್ತಿದ್ದಾಗ ಎದ್ದು ಹೋಗಿ, ಗೋಡೆಯ ಕಡೆಯ ಕೊಂಬೆಯಲ್ಲಿ ಏಳು ಚೀಲ ಬಿಚ್ಚಿ ಬಂದಳು.

ಪೊಳ್ಳಾದ ಹಣ್ಣು ಕಂಡು ಅಜ್ಜ ಎಗರಾಡಿದ. ಗೋಡೆಯ ಮೇಲೆ ದಿನಾ ಹಕ್ಕಿಗಳಿಗೆ ಕಾಳು ಹಾಕುತ್ತಿದ್ದವರು ಮೇಷ್ಟ್ರು. ಇನ್ನೇನು ಸಾಕ್ಷಿ ಬೇಕು?

"ಕಾಳು ಹಾಕ್ತೀನಿ ಕಣೋ, ಕಳ್ಳತನ ಮಾಡಲ್ಲ," ಎಂದರು ಮೇಷ್ಟ್ರು.

ಮಾತಿಗೆ ಮಾತು ಬೆಳೆಯಿತು. ಗೋಡೆಯ ಮೇಲೆ ಲೋಟ ಇಟ್ಟುಕೊಂಡು ಇಬ್ಬರೂ ಕುಡಿಯುತ್ತಿದ್ದ ಸಂಜೆಯ ಚಹಾ ಅಂದಿಗೆ ನಿಂತಿತು. ಸಾಬೂನಿನ ಕೈಯಲ್ಲಿ ಕಿಟಕಿಯ ಬಳಿ ನಿಂತಿದ್ದ ಅಜ್ಜಿ ಬಾಯಿ ಬಿಡಲಿಲ್ಲ. ಆ ದಿನ ಹೇಳದ ಮಾತನ್ನು ಮರುದಿನ ಹೇಳುವುದು ಇನ್ನೂ ಕಷ್ಟವಾಯಿತು. ಮುಂದಿನ ವರ್ಷವೂ ಬಿಚ್ಚಿದಳು. ಈಗ ನಿಲ್ಲಿಸಿದರೆ ಮೇಷ್ಟ್ರೇ ಹೆದರಿ ಬಿಟ್ಟರು ಎಂದಾಗುತ್ತದಲ್ಲ ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡಳು.

ಈಚಿನ ವರ್ಷಗಳಲ್ಲಿ ಅವಳ ಬೆರಳ ಗೆಣ್ಣುಗಳು ಊದಿಕೊಂಡು, ದಾರದ ಗಂಟು ಬಿಚ್ಚುವುದೇ ಕಷ್ಟವಾಗಿತ್ತು. ಅದೃಷ್ಟಕ್ಕೆ ಆ ಕೊಂಬೆಯ ಚೀಲಗಳಿಗೆ ದಾರ ಹೋಗಿ ಗುಂಡಿ ಬಂತು. ಹಳೆಯ ಷರ್ಟುಗಳ ಗುಂಡಿಪಟ್ಟಿ ಕತ್ತರಿಸಿ ಹಚ್ಚಿರಬೇಕು, ಮುದುಕನಿಗೂ ಸೋಮಾರಿತನ ಬಂತು ಎಂದುಕೊಂಡಳು. ಆ ಮಬ್ಬಿನಲ್ಲಿ, ಕನ್ನಡಕವಿಲ್ಲದೆ, ಅದನ್ನು ಯಾರು ದಿಟ್ಟಿಸಿ ನೋಡುತ್ತಾರೆ?

*

ಹತ್ತೂವರೆಗೆ ಮೇಷ್ಟ್ರು ಕೋಲೂರಿಕೊಂಡು ಬಂದರು. ನಡುಮನೆಯಲ್ಲಿ ಅಜ್ಜನ ತಲೆಯ ಹತ್ತಿರ ನಿಂತು, ಕೊರಳಪಟ್ಟಿ ಸರಿಮಾಡಿ, ಬಹಳ ಹೊತ್ತು ಅತ್ತರು. ಒಂಬತ್ತು ವರ್ಷ ಮಾತು ಬಿಟ್ಟವರು ಹಾಗೆ ಅಳುವುದನ್ನು ಅಜ್ಜಿ ಬಾಗಿಲಿಂದಲೇ ನೋಡಿದಳು. ಅವರು ಹಿತ್ತಲಿಗೆ ಬರುತ್ತಲೇ ಎದ್ದು ನಿಂತಳು.

"ಮೇಷ್ಟ್ರೇ, ಸ್ವಲ್ಪ ಈ ಕಡೆ ಬನ್ನಿ."

ಗಿಡದ ಹಿಂದೆ, ಗೋಡೆಯ ಪಕ್ಕ, ಇಬ್ಬರೇ ನಿಂತರು.

"ಚೀಲ ಬಿಚ್ಚಿದ್ದು ನಾನು. ಒಂಬತ್ತು ವರ್ಷದಿಂದ್ಲೂ ನಾನೇ. ನಿಮ್ಮ ಮೇಲೆ ಅಪವಾದ ಬಂತು, ನಾನು ಸುಮ್ನಿದ್ದೆ. ಅವರು ನಿಮ್ಮನ್ನ ಕಳ್ಳ ಅಂದ್ಕೊಂಡೇ ಹೋಗ್ಬಿಟ್ರು."

ಮೇಷ್ಟ್ರು ಕಣ್ಣೊರೆಸಿಕೊಂಡರು. ಅವರ ಮುಖದಲ್ಲಿ ನಗುವಿನಂಥದೇನೋ ಕಂಡಿತು.

"ಗೊತ್ತಮ್ಮಾ."

"ಗೊತ್ತಾ? ಯಾರು ಹೇಳಿದ್ರು?"

"ಇನ್ಯಾರು, ಅವನೇ! ನಾಲ್ಕು ವರ್ಷ ಆಯ್ತು. ನೀವು ಮಗಳ ಬಾಣಂತನಕ್ಕೆ ಅವಳ ಮನೆಗೆ ಹೋಗಿದ್ರಲ್ಲ, ಆ ವರ್ಷ ಒಂದು ಚೀಲಾನೂ ಬಿಚ್ಲಿಲ್ಲ. ಎರಡು ಲೋಟ ಚಹಾ ಹಿಡ್ಕೊಂಡು ಗೋಡೆ ಹತ್ರ ಬಂದ. ತಪ್ಪಾಯ್ತು ಅನ್ಲಿಲ್ಲ, ಅದು ಅವನ ಬಾಯಲ್ಲಿ ಬರೋ ಮಾತೇ? 'ನಿನ್ನ ಗಿಣಿ ಅಲ್ಲ ಕಣೋ, ನಮ್ಮನೆ ಗಿಣಿನೇ' ಅಂದ."

ಅಜ್ಜಿ ಒಂದು ಹೆಜ್ಜೆ ಮುಂದೆ ಬಂದಳು.

"ಆದ್ರೆ ನೀವಿಬ್ರೂ ಮಾತಾಡ್ತಿರ್ಲಿಲ್ವಲ್ಲ!"

"ನಿಮ್ಮೆದುರು ಆಡ್ತಿರ್ಲಿಲ್ಲ. 'ನಾವು ರಾಜಿಯಾದ್ರೆ ಅವಳಿಗೆ ಅನುಮಾನ ಬರುತ್ತೆ, ನಾಚ್ಕೊಂಡು ಬಿಚ್ಚೋದು ಬಿಟ್ಬಿಡ್ತಾಳೆ' ಅಂದ. ನೀವು ತರಕಾರಿಗೆ ಹೋದಾಗೆಲ್ಲ ಇಲ್ಲೇ ನಮ್ಮ ಚಹಾ."

ವಾರಕ್ಕೆರಡು ಸಲ ಚಹಾಪುಡಿ ಯಾಕೆ ಇಳಿಯುತ್ತದೆಂದು ತಲೆ ಕೆಡಿಸಿಕೊಂಡದ್ದು ನೆನಪಾಯಿತು. ಅಜ್ಜಿಗೆ ಮೊದಲು ಸಿಟ್ಟೇ ಬಂತು.

"ನಾಲ್ಕು ವರ್ಷ ನಾನು ಒಳಗೊಳಗೇ ಬೇಯ್ತಿದ್ದೆ. ನೀವಿಬ್ರೂ ಚಹಾ ಕುಡೀತಿದ್ರಾ!"

"ಸಕ್ಕರೆ ಜಾಸ್ತಿ ಹಾಕ್ತಿದ್ದ," ಎಂದರು ಮೇಷ್ಟ್ರು.

ಅಜ್ಜಿ ನಕ್ಕುಬಿಟ್ಟಳು. ನಗುತ್ತ ನಗುತ್ತ, ಬೆಳಗಿನಿಂದ ಬಾರದಿದ್ದ ಅಳು ಬಂತು. ಒಂಬತ್ತು ವರ್ಷದ ಭಾರ ಇಳಿದು ಎದೆ ಹಗುರಾಯಿತು. ಅವನು ಯಾರ ಮೇಲೂ ಹಗೆ ಇಟ್ಟುಕೊಂಡು ಹೋಗಿರಲಿಲ್ಲ. ಅಷ್ಟು ಸಾಕಾಗಿತ್ತು ಅವಳಿಗೆ.

ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡು, ಕಣ್ಣೆದುರಿನ ಕೊಂಬೆ ನೋಡಿದಳು. ಏಳು ಚೀಲ, ಏಳು ಗುಂಡಿ, ಎಲ್ಲವೂ ಅವಳ ಕೈಗೆಟಕುವ ಎತ್ತರದಲ್ಲಿ. ಒಂದು ಚೀಲವನ್ನು ಬೆಳಕಿಗೆ ತಿರುಗಿಸಿದಳು. ಹಳೆಯ ಷರ್ಟಿನ ಪಟ್ಟಿಯಲ್ಲ, ಹೊಸ ಬಟ್ಟೆ. ಕಾಜಾ ಕೈಯಲ್ಲಿ ಹಾಕಿದ್ದು, ಅವಳು ಹಾಕಿದ್ದಲ್ಲ. ದಾರ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಮೂಲೆ ಸೊಟ್ಟ, ಬಿಚ್ಚಿ ಮತ್ತೆ ಹಾಕಿದ ಸೂಜಿಯ ಗುರುತು. ಹೊಸದಾಗಿ ಕಲಿಯುವವರು ಇದನ್ನು ತಂದಿದ್ದರೆ ಅವಳು ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಳು.

"ಅಮ್ಮಾ, ಗಾಡಿ ಬಂತು," ಎಂದು ಮಗಳು ಕರೆದಳು.

"ಒಂದು ನಿಮಿಷ ಇರೋಕೆ ಹೇಳು."

ಹಿತ್ತಲಿನ ಜನರೆಲ್ಲ ನೋಡುತ್ತಿದ್ದಂತೆ, ಹಗಲು ಬೆಳಕಿನಲ್ಲಿ, ಅಜ್ಜಿ ಒಂದೊಂದೇ ಗುಂಡಿ ಬಿಚ್ಚುತ್ತ ಹೋದಳು. ಪ್ರತಿಯೊಂದು ಕಾಜಾದಲ್ಲೂ ಊದಿದ ಹೆಬ್ಬೆರಳೊಂದು ಸಲೀಸಾಗಿ ತೂರುವಷ್ಟು ಜಾಗವಿತ್ತು.