ಅರವತ್ತು ಅಡಿ ಮೌನ

ನಾನು ಒಂದು ಜಾಯಿನರ್. ಸಿನಿಮಾ ರೀಲು ಹರಿದಾಗ ಅದರ ತುದಿಗಳನ್ನು ನೇರವಾಗಿ ಕತ್ತರಿಸಿ, ಅಂಟು ಹಚ್ಚಿ, ಒತ್ತಿ ಹಿಡಿದು ಕೂಡಿಸುವ ಅಂಗೈಯಗಲದ ಕಬ್ಬಿಣದ ಸಾಧನ. ಹುಟ್ಟಿದ್ದು ಮುಂಬಯಿಯ ಒಂದು ಲೇತ್ ಅಂಗಡಿಯಲ್ಲಿ. ಹುಟ್ಟಿಸಿದ ಮಿಸ್ತ್ರಿ ನನಗೆ ಒಂದು ಅಲಗನ್ನೂ ಒಂದು ಒತ್ತುಪಟ್ಟಿಯನ್ನೂ ಕೊಟ್ಟ. ಹೆಸರನ್ನು ಮಾತ್ರ ಕೂಡಿಸುವ ಕೆಲಸದಿಂದ ಇಟ್ಟರು. ಕೊಯ್ಯುವ ಕೆಲಸವನ್ನು ಹೆಸರಿನಲ್ಲಿ ಸೇರಿಸುವ ಪ್ರಾಮಾಣಿಕತೆ ಯಾರಿಗೂ ಬರಲಿಲ್ಲ. ನನಗೂ ತಡವಾಗಿ ಬಂತು.

ಅಲ್ಲಿಂದ ಬಂದದ್ದು ಹುಬ್ಬಳ್ಳಿಯ ಡೈಮಂಡ್ ಟಾಕೀಸಿಗೆ. ಅಲ್ಲಿ ಆಪರೇಟರ್ ಖಾದರಸಾಬ ನದಾಫ. ಒಳ್ಳೆಯ ಕೈ. ದಿನವೂ ಸ್ಪಿರಿಟಿನಲ್ಲಿ ನನ್ನ ಅಲಗನ್ನು ಒರೆಸುತ್ತಿದ್ದ. ಯಾರಿಗೂ ಇಲ್ಲ ಎನ್ನಲಾರದವನು. ಆ ಒಂದು ಗುಣ ಇಲ್ಲದಿದ್ದರೆ ನಾನು ಈ ಕಥೆ ಹೇಳಬೇಕಾಗಿರಲಿಲ್ಲ.

ಡೈಮಂಡಿನಲ್ಲಿ ಭಾನುವಾರ ಬೆಳಿಗ್ಗೆ ಇಂಗ್ಲಿಷ್ ಸಿನಿಮಾ. ಹಾಲಿವುಡ್ಡಿನಲ್ಲಿ ಆಗ ಗಿಲ್ಬರ್ಟ್ ಹೇನ್ಸ್‌ವರ್ತ್ ಎಂಬ ನಟ. ಉದ್ದ ಮುಖ, ದಣಿದ ಕಣ್ಣು. ಹುಬ್ಬಳ್ಳಿಯಲ್ಲಿ ಅವನು ಗಿಲಬರ್ಟಣ್ಣ. ಅವನಿಗೊಂದು ಅಭಿಮಾನಿ ಬಳಗವೂ ಇತ್ತು. ಬಳಗದ ಹನ್ನೆರಡು ಜನರಲ್ಲಿ ಇಂಗ್ಲಿಷ್ ಬರುತ್ತಿದ್ದುದು ಒಬ್ಬರಿಗೆ, ರೈಲ್ವೆ ಕಚೇರಿಯ ಕಾರಕೂನ ವಿನಾಯಕರಾವ್ ಪರ್ವತೀಕರರಿಗೆ. ಉಳಿದವರು ಅವನನ್ನು ಮುಖದಿಂದಲೇ ಓದಿಕೊಳ್ಳುತ್ತಿದ್ದರು.

ಅವನ ಒಂದು ಸಿನಿಮಾ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿತ್ತು. ಅದರಲ್ಲೊಂದು ದೃಶ್ಯ. ಊಟಕ್ಕೆ ಕೂತಿದ್ದಾನೆ. ತಂತಿ ಬರುತ್ತದೆ: ತಮ್ಮ ತೀರಿಕೊಂಡ. ಎದುರಿಗೆ ಮುದಿ ತಾಯಿ ಉಣ್ಣುತ್ತಿದ್ದಾಳೆ. ಅವನು ಏನೂ ಹೇಳುವುದಿಲ್ಲ. ತಂತಿಯನ್ನು ಮಡಚುತ್ತಾನೆ. ನಲವತ್ತು ಸೆಕೆಂಡು ಪರದೆಯ ತುಂಬ ಅವನ ಮುಖ, ಅಷ್ಟೇ. ಆಮೇಲೆ ತಾಯಿಯ ಕಡೆ ತಿರುಗಿ ಉಪ್ಪು ಕೇಳುತ್ತಾನೆ. ಆ ನಲವತ್ತು ಸೆಕೆಂಡುಗಳಲ್ಲಿ ಇಂಗ್ಲಿಷ್ ಇರಲಿಲ್ಲ. ಬಾಲ್ಕನಿಯಿಂದ ನೆಲದವರೆಗೆ ಒಬ್ಬರೂ ಕೆಮ್ಮುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಅದು ಅರವತ್ತು ಅಡಿ ಫಿಲ್ಮು. ಬಿಚ್ಚಿದರೆ ನಮ್ಮ ಪ್ರೊಜೆಕ್ಟರ್ ಕ್ಯಾಬಿನ್ನನ್ನು ಎರಡು ಸುತ್ತು ಸುತ್ತುತ್ತಿತ್ತು.

ಆಟ ಮುಗಿದ ಮೇಲೆ ಬಳಗದವರು ಒಬ್ಬೊಬ್ಬರಾಗಿ ಮೇಲೆ ಬರುತ್ತಿದ್ದರು.

"ಖಾದರಭಾಯ್, ಎರಡ ಫ್ರೇಮ ಕೊಡಪಾ. ಎರಡಕ್ಕ ಏನಾಕ್ಕೈತಿ?"

"ಹೋದ ವರ್ಷನೂ ಒಯ್ದಿದ್ದೆಲ್ಲೋ ಹೆಬಸೂರ?"

"ಅದನ್ನ ಹೆಂಡ್ತಿ ಅರವಿ ಜೋಡಿ ಒಗದ ಬಿಟ್ಲು! ಕಿಸೇದಾಗಿತ್ತು. ಗಿಲಬರ್ಟಣ್ಣ ಬೆಳ್ಳಗ ಆಗಿಬಿಟ್ಟ."

ಫ್ರೇಮ್ ಎಂದರೆ ಫಿಲ್ಮಿನ ಒಂದು ಚಿತ್ರಚೌಕ. ಅಂಥ ಎರಡು ಚೌಕ ಹೋದರೆ ಪರದೆಯ ಮೇಲೆ ಕಣ್ಣು ಮಿಟುಕಿಸಿದಷ್ಟೂ ಗೊತ್ತಾಗುವುದಿಲ್ಲ. ಆದರೆ ಮಾತಿದ್ದ ಕಡೆ ಕೊಯ್ದರೆ ದನಿ ಎಡವುತ್ತದೆ. ಮಾಲೀಕರ ಕಿವಿಗೆ ಬೀಳುತ್ತದೆ. ಮೌನವಿದ್ದ ಕಡೆ ಕೊಯ್ದರೆ ಯಾರಿಗೂ ಕೇಳಿಸದು. ಹೀಗಾಗಿ ಖಾದರ ಯಾವಾಗಲೂ ಅಲ್ಲೇ ಕೊಯ್ಯುತ್ತಿದ್ದ. ಅವರಿಗೂ ಬೇಕಾದ ಮುಖ ಅದೇ. ಇದೇ ಪ್ರಿಂಟು ಹೋಗುತ್ತಿದ್ದ ಗದಗ, ಬೆಳಗಾವಿ, ವಿಜಾಪುರದಲ್ಲೂ ನನ್ನಂಥವರಿದ್ದರು, ಅಭಿಮಾನಿಗಳೂ ಇದ್ದರು. ಅವರ ಪಾಪ ಅವರಿಗೆ. ನನ್ನ ಅಲಗು ಇಳಿದದ್ದು ನನಗೆ ಗೊತ್ತು. ನಿಜ ಹೇಳುತ್ತೇನೆ, ಆಗ ನನಗೆ ಹೆಮ್ಮೆಯಾಗುತ್ತಿತ್ತು. ಒಬ್ಬ ನಟನನ್ನು ಪ್ರಸಾದದಂತೆ ಹಂಚುವ ಕೆಲಸ ಎಷ್ಟು ಕಬ್ಬಿಣಕ್ಕೆ ಸಿಗುತ್ತದೆ?

ಪರ್ವತೀಕರರು ಒಮ್ಮೆಯೂ ಕೇಳಲಿಲ್ಲ. "ಇಡೀ ಮನಿಷ್ಯಾನ್ನ ನೋಡೇನಿ, ತುಂಡು ಯಾಕ ಬೇಕೋ?" ಎನ್ನುತ್ತಿದ್ದರು. ಅವರು ಒಯ್ಯುತ್ತಿದ್ದುದು ಬೇರೆ. ಮನೆಗೆ ಹೋಗಿ ಹೆಂಡತಿ ಸುಮತಿಬಾಯಿಗೆ ಇಡೀ ದೃಶ್ಯವನ್ನು ಮಾಡಿ ತೋರಿಸುತ್ತಿದ್ದರು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಆಕೆ ಹೊರಗೆ ಹೊರಡುವಂತಿರಲಿಲ್ಲ. ಒಂಬತ್ತು ವರ್ಷ ಆಕೆ ಹೇನ್ಸ್‌ವರ್ತನನ್ನು ಗಂಡನ ಮುಖದಲ್ಲಿಯೇ ನೋಡಿದರು. "ಉಪ್ಪು ಕೇಳೂತನಾ ಉಸಿರು ಬಿಡಂಗಿಲ್ಲಾಕಿ," ಎಂದು ಅವರು ಖಾದರನ ಮುಂದೆ ಹೇಳಿಕೊಳ್ಳುವಾಗ ಆ ಬಡಕಲು ಕಾರಕೂನರ ಮುಖ ಒಂದು ಗೇಣು ಅಗಲವಾಗುತ್ತಿತ್ತು.

ಅತ್ತೆ ತೀರಿಕೊಂಡ ವರ್ಷವೇ ಸುದ್ದಿ ಬಂತು: ಆ ಪ್ರಿಂಟಿನ ಪರವಾನಗಿ ಮುಗಿಯಿತು, ಈ ಭಾನುವಾರದ ಆಟವೇ ಕಡೆಯದು, ಆಮೇಲೆ ಕೊಡಲಿ ಹಾಕಿ ತುಂಡರಿಸುತ್ತಾರೆ. ಪರ್ವತೀಕರರು ಶನಿವಾರ ಬೆಳಿಗ್ಗೆಯೇ ಕ್ಯಾಬಿನ್ನಿಗೆ ಓಡಿ ಬಂದರು. "ಖಾದರ, ನಾಳೆ ಇಕಿನ್ನ ಕರಕೊಂಡು ಬರತೇನಿ. ಫೋಕಸ್ ಸರೀ ಇಡಪಾ. ನಾ ಹೇಳಿದ್ದು ಖರೇನೋ ಸುಳ್ಳೋ ಪರೀಕ್ಷಾ ಅಂತ ನಗಲಿಕ್ಕೆ ಹತ್ಯಾಳ."

ಅವರು ಹೋದ ಮೇಲೆ ಖಾದರ ಡಬ್ಬಿ ತೆರೆದು ರೀಲನ್ನು ಕೈಯಲ್ಲಿ ಹಾಯಿಸಿ ನೋಡಿದ. ಅರವತ್ತು ಅಡಿ ಇದ್ದದ್ದು ಎಂಟು ಅಡಿ ಇತ್ತು. ಅದರಲ್ಲೂ ಗೇಣಿಗೊಂದು ಅಂಟಿನ ಜೋಡು. ವರ್ಷವರ್ಷ ಸ್ವಲ್ಪಸ್ವಲ್ಪ ಹೋದದ್ದನ್ನು ನೋಡುವವರು ನೆನಪಿನಿಂದ ತುಂಬಿಕೊಂಡಿದ್ದರು; ಕಡೆಯ ಸುತ್ತೆಂದು ಈ ವರ್ಷ ಊರೂರಿನವರೂ ಕೈಹಾಕಿದ್ದರು. ಅವನು ನನ್ನನ್ನು ನೋಡಿದ. ಕಬ್ಬಿಣಕ್ಕೆ ಕಣ್ಣಿಲ್ಲ ಎಂಬುದು ಆ ಹೊತ್ತಿನಲ್ಲಿ ದೊಡ್ಡ ಅನುಕೂಲ.

ಆ ಮಧ್ಯಾಹ್ನ ಅವನು ಸೈಕಲ್ ಹತ್ತಿ ಊರೆಲ್ಲ ತಿರುಗಿದ. ಹೆಬಸೂರನ ಪಾಕೀಟಿನಲ್ಲಿ ಸಿದ್ಧಾರೂಢರ ಪಟದ ಹಿಂದೆ ಎರಡು ಸಿಕ್ಕವು. ಒಬ್ಬ ಕನ್ನಡಕದ ಅಂಗಡಿಯವನು ಗಾಜಿಗೆ ಅಂಟಿಸಿದ್ದನ್ನು ಉಗುರಿನಿಂದ ಕೆರೆದು ಕೊಟ್ಟ. ಇನ್ನೊಬ್ಬ, "ಕೊಟ್ಟದ್ದನ್ನ ಹೊಳ್ಳಿ ಕೇಳ್ತಿಯಲ್ಲೋ, ನಿನ್ನ ಮಾರಿಗೆ ನಾಚಿಕಿ ಐತೇನು?" ಎಂದು ಬೈದೇ ಕೊಟ್ಟ. ಸಂಜೆಗೆ ಒಂದು ಕಡ್ಡಿಪೆಟ್ಟಿಗೆ ತುಂಬ ಗಿಲಬರ್ಟಣ್ಣ ಬಂದ.

ಖಾದರ ಚೌಕಗಳನ್ನು ನನ್ನ ಮೇಲೆ ಇಟ್ಟ. ಇಲ್ಲಿ ನನ್ನ ಜಾತಿಯ ಒಂದು ಗುಟ್ಟು ಹೇಳಬೇಕು. ಅಂಟು ಹಿಡಿಯಬೇಕಾದರೆ ಒಂದು ತುದಿ ಇನ್ನೊಂದರ ಮೇಲೆ ಏರಬೇಕು. ಪ್ರತಿ ಜೋಡಿಗೂ ಒಂದು ಚೌಕ ಅಂಟಿನಡಿ ಸಾಯುತ್ತದೆ. ಕೂಡಿಸುವಾಗಲೂ ನಾನು ತಿನ್ನುತ್ತೇನೆ. ಹತ್ತು ಚೌಕ ಸೇರಿಸುವಷ್ಟರಲ್ಲಿ ಅವನಿಗೆ ಅದು ನೆನಪಾಯಿತು. ಸೇರಿದ್ದಕ್ಕಿಂತ ಕಳೆದದ್ದೇ ಹೆಚ್ಚು. ಪ್ರೊಜೆಕ್ಟರಿನಲ್ಲಿ ಹಾಕಿದರೆ ಹಲ್ಲುಗಾಲಿಯ ಮೊದಲ ಹಲ್ಲಿಗೇ ಹರಿಯುವಂತಿತ್ತು. ಅವನು ಸೇರಿಸಿದ್ದನ್ನು ಬಿಚ್ಚಿ, ಕಡ್ಡಿಪೆಟ್ಟಿಗೆಯನ್ನು ಕಿಟಕಿಯಿಂದ ಕೆಳಗೆ ಸುರಿದ.

ಭಾನುವಾರ ಪರದೆಯ ಮೇಲೆ ತಂತಿ ಬಂತು. ಗಿಲಬರ್ಟಣ್ಣ ಅದನ್ನು ಮಡಚಲು ಶುರುಮಾಡಿದ. ಮುಖ ಒಮ್ಮೆ ಎಡಕ್ಕೆ ಹಾರಿತು, ಒಮ್ಮೆ ಬಲಕ್ಕೆ. ಬಿಕ್ಕಳಿಕೆ ಬಂದವನಂತೆ ನಾಲ್ಕು ಸಲ ಕುಲುಕಿ ಉಪ್ಪು ಕೇಳಿದ. ಸಭಾಂಗಣ ನಕ್ಕಿತು. ಅದೇ ಮುಖವನ್ನು ಪಾಕೀಟಿನಲ್ಲಿ ಇಟ್ಟುಕೊಂಡವರೂ ನಕ್ಕರು.

ಆಟ ಮುಗಿದ ಮೇಲೆ ಪರ್ವತೀಕರರು ಹೆಂಡತಿಯನ್ನು ಕ್ಯಾಬಿನ್ನಿಗೆ ಕರೆತಂದರು. ಕರೆತರುತ್ತೇನೆಂದು ಮೊದಲೇ ಮಾತು ಕೊಟ್ಟಿದ್ದರೇನೋ. ಹಿಂದೆಯೇ ಮಾಲೀಕ ಮೆಣಸಿನಕಾಯಿಯವರು, ಜನ ಯಾಕೆ ನಕ್ಕರು ಎಂದು ಕೇಳಲು ಬಂದು ಬಾಗಿಲಲ್ಲಿ ನಿಂತರು.

"ಖಾದರಭಾಯಿ," ಎಂದರು ಸುಮತಿಬಾಯಿ, "ನೀವ ಹೇಳ್ರಿ. ಆ ಸೀನು ಇಷ್ಟ ಇತ್ತೇನು? ಇವರು ಒಂಬತ್ತು ವರ್ಷ ನನಗೇನೇನೋ ಹೇಳ್ಯಾರ."

ಖಾದರ ಮಾಲೀಕರನ್ನು ನೋಡಿದ. ಪರ್ವತೀಕರರನ್ನು ನೋಡಲಿಲ್ಲ.

"ಇಷ್ಟ ಇತ್ರಿ, ವೈನಿ."

ಸುಮತಿಬಾಯಿ ನಕ್ಕರು. ಕೆಟ್ಟ ನಗುವಲ್ಲ. "ನಾಟಕದವರನ್ನ ಲಗ್ನ ಆಗೇನಿ ಹಂಗಾದ್ರ," ಎಂದರು. ಪರ್ವತೀಕರರೂ ನಕ್ಕು, "ಸ್ವಲ್ಪ ಉಪ್ಪು ಖಾರ ಹಚ್ಚಿ ಹೇಳಿದ್ದೆ ಬಿಡು," ಎಂದರು. ಅವರ ಮುಖ ಮತ್ತೆ ಕಾರಕೂನರ ಅಗಲಕ್ಕೆ ಬಂತು. ನನ್ನಿಂದ ಕೊಯ್ಯಿಸಿಕೊಂಡ ಯಾವ ಚೌಕವೂ ಅಷ್ಟು ಸದ್ದಿಲ್ಲದೆ ಬಿದ್ದಿರಲಿಲ್ಲ. ಆಮೇಲೆ ಅವರು ಭಾನುವಾರದ ಆಟಕ್ಕೆ ಬರಲಿಲ್ಲ.

ಹನ್ನೊಂದು ವರ್ಷ ಕಳೆದವು. ಅಂಟುಪಟ್ಟಿಯ ಹೊಸ ಜಾಯಿನರ್ ಬಂತು. ಖಾದರ ನಿವೃತ್ತನಾದಾಗ ನನ್ನನ್ನು ಹಳೇ ಕಬ್ಬಿಣವೆಂದು ಅವನಿಗೇ ಕೊಟ್ಟರು. ಒಂದು ದಿನ ಅವನು ನನ್ನನ್ನು ಕೈಚೀಲದಲ್ಲಿ ಹಾಕಿಕೊಂಡು ಪರ್ವತೀಕರರ ಮನೆಗೆ ಹೋದ. ಸಾಕ್ಷಿಗೆ ಒಯ್ದನೋ, ಜೊತೆಗಿರಲಿ ಎಂದೋ, ತಿಳಿಯದು. ನನ್ನನ್ನು ಮೇಜಿನ ಮೇಲಿಟ್ಟು, ಎಲ್ಲ ಹೇಳಿದ.

"ನನಗ ಆವತ್ತ ಗೊತ್ತಾತು," ಎಂದರು ಪರ್ವತೀಕರರು. "ಜೋಡು ಬಂದಾಗೊಮ್ಮೆ ಪರದೆ ಮ್ಯಾಲೆ ಗೆರಿ ಹಾರತದ. ಇಪ್ಪತ್ತು ವರ್ಷ ಸಿನಿಮಾ ನೋಡಿದಾಂವಗ ಕಾಣಸಂಗಿಲ್ಲೇನು?"

"ಮತ್ತ ಯಾಕ ಸುಮ್ಮನಾದ್ರಿ, ರಾಯರ?"

"ಮೆಣಸಿನಕಾಯಿ ಬಾಗಿಲದಾಗ ನಿಂತಿದ್ದಾ. ಬಾಯಿ ಬಿಟ್ಟಿದ್ರ ನಿನ್ನ ನೌಕರಿ ಉಳೀತಿತ್ತೇನು?"

ಚಹಾ ತಂದು ನಿಂತಿದ್ದ ಸುಮತಿಬಾಯಿ ಎಲ್ಲ ಕೇಳಿಸಿಕೊಂಡಿದ್ದರು. ತಟ್ಟೆಯನ್ನು ನನ್ನ ಪಕ್ಕಕ್ಕೆ ಇಟ್ಟು, ಗಂಡನ ಎದುರಿಗೆ ಕೂತರು.

"ಹಂಗಾದ್ರ ಇನ್ನೊಮ್ಮೆ ಹೇಳ್ರಿ. ಆ ಸೀನು."

ಪರ್ವತೀಕರರು ನೆಟ್ಟಗೆ ಕೂತರು. ಪತ್ರಿಕೆಯ ಹಾಳೆಯೊಂದನ್ನು ಕೈಗೆ ತೆಗೆದುಕೊಂಡರು. ಮಡಚಿದರು. ಮುಖ ಸಿದ್ಧವಾಯಿತು, ಅಲ್ಲಿಗೇ ನಿಂತಿತು.

"ಮೊದಲ... ಮೊದಲ ತಾಯಿ ಕಡೆ ನೋಡಿದ್ದಾನೋ, ಕಿಟಕಿ ಕಡೆನೋ?" ಎಂದರು. "ಹನ್ನೊಂದು ವರ್ಷ ಹೇಳಲಿಲ್ಲ ನೋಡು. ಹೋತು."

"ಕಿಟಕಿ ಕಡೆ. ನೀವು ಹಂಗ ಮಾಡ್ತಿದ್ರಿ."

"ಹೌದು, ಕಿಟಕಿ. ಆಮ್ಯಾಲೆ?"

ಸುಮತಿಬಾಯಿ ಕಣ್ಣು ಮುಚ್ಚಿ ಹುಡುಕಿದರು. "ಆಮ್ಯಾಲೆ ನನಗೂ ಗೊತ್ತಿಲ್ಲ. ಅಷ್ಟರಾಗ ಅತ್ತಿಯವರು ಕರೀತಿದ್ರು, ನಿಮಗ ಗೊತ್ತಾಗದಂಗ ಎದ್ದು ಹೋಗಿ ಬರತಿದ್ದೆ. ಬರೂದ್ರಾಗ ಉಪ್ಪು ಕೇಳ್ತಿದ್ರಿ."

ಇಬ್ಬರೂ ಖಾದರನ ಕಡೆ ನೋಡಿದರು. ಖಾದರ ಆ ದೃಶ್ಯವನ್ನು ಪ್ರತಿ ವರ್ಷವೂ ತಾನೇ ಓಡಿಸಿದ್ದ. ಆದರೆ ಆಪರೇಟರನ ಕಣ್ಣು ಯಾವಾಗಲೂ ಯಂತ್ರದ ಮೇಲೆ. ಅವನು ಇಲ್ಲವೆಂದು ತಲೆಯಾಡಿಸಿದ.

ಕಿಟಕಿಯಾದ ಮೇಲೆ ಏನಾಗುತ್ತಿತ್ತು ಎಂದು ಆ ಕೋಣೆಯಲ್ಲಿ ಬಲ್ಲವನು ನಾನೊಬ್ಬನೇ. ಒಂದೊಂದು ಚೌಕವೂ ನನ್ನ ಅಲಗಿನ ಕೆಳಗೆ ಹಾದಿದೆ: ರೆಪ್ಪೆ ಇಳಿದದ್ದು, ತುಟಿ ಒಣಗಿದ್ದು, ತಾಯಿಯ ತಟ್ಟೆಯ ಕಡೆ ಕಣ್ಣು ಹೋಗಿ ಮರಳಿದ್ದು. ಆದರೆ ನನಗೆ ಬಾಯಿ ಕೊಟ್ಟಿಲ್ಲ, ಅಲಗು ಕೊಟ್ಟಿದ್ದಾರೆ.

ಖಾದರ ನನ್ನನ್ನು ಅಲ್ಲೇ ಬಿಟ್ಟು ಹೋದ. ಈಗ ನಾನು ಅವರ ಗೋಡೆಯ ಗೂಡಿನಲ್ಲಿದ್ದೇನೆ. ಸಂಜೆ ಚಹಾದ ಹೊತ್ತಿಗೆ ಒಮ್ಮೊಮ್ಮೆ ಮುದುಕರು ಹಾಳೆ ಮಡಚುತ್ತಾರೆ, ಕಿಟಕಿ ಕಡೆ ನೋಡುತ್ತಾರೆ, ನಿಲ್ಲುತ್ತಾರೆ. ಮುದುಕಿ ಕಾಯುತ್ತಾರೆ. ಆಮೇಲೆ ಒಬ್ಬರು ಉಪ್ಪು ಕೇಳುತ್ತಾರೆ.